ಅಣ್ಣ ನನ್ನ ದನಿಯಲ್ಲಿ ‘ಬೇಡ’ ಎಂದಾಗ

ಹೋದ ವರ್ಷ ಚೌತಿ ಮುಗಿದ ವಾರ ನಡೆದದ್ದು. ಮುಂಬೈಯ ಚೆಂಬೂರಿನ ನಮ್ಮ ಹೋಟೆಲನ್ನು ಕಟ್ಟಿದವನು ಅಣ್ಣ ಶೀನಣ್ಣ. ಚೌಕಾಸಿ ಮಾತ್ರ ಮೊದಲಿನಿಂದಲೂ ನನ್ನ ಕೆಲಸ. ತರಕಾರಿಯವನಾಗಲಿ, ಬಿಲ್ಡಿಂಗ್ ಮಾಲಕನಾಗಲಿ, ಹೇಳಿದ ರೇಟಿಗೆ ನಾನು ಒಪ್ಪಿದವನಲ್ಲ. ಓದುವವರಿಗೂ ಹೇಳುತ್ತೇನೆ, ಮೊದಲು ನೀವಾಗಿ ಬೆಲೆ ಹೇಳಬೇಡಿ, ಎದ್ದು ಹೊರಡಲು ಚಪ್ಪಲಿ ಬಾಗಿಲ ಹತ್ತಿರವೇ ಇರಲಿ.

ಲಕ್ವ ಹೊಡೆದು ಅಣ್ಣನ ಮಾತು ನಿಂತಿತ್ತು. ಕೆಳಗಿನ ಮಹಡಿಯ ನಮಿತಾ, ನಮ್ಮ ಕಣ್ಣೆದುರು ಬೆಳೆದ ಹುಡುಗಿ, ಇಂಥವರಿಗಾಗಿ ಒಂದು ಆ್ಯಪ್ ಮಾಡಿದ್ದಳು. ಚಿತ್ರ ಒತ್ತಿದರೆ ಫೋನು ಮಾತಾಡುತ್ತದೆ. ಯಂತ್ರದ ದನಿ ಕೇಳಿದರೆ ಅಣ್ಣ ಮುಖ ತಿರುಗಿಸುತ್ತಿದ್ದ. ಆಗ ಅವಳು ನನ್ನನ್ನು ಕೂರಿಸಿ ಒಂದೊಂದೇ ಶಬ್ದ ರೆಕಾರ್ಡ್ ಮಾಡಿದಳು: ನೀರು, ನೋವು, ಬೇಕು, ಬೇಡ. ಹೋಟೆಲಿನವನಲ್ಲವೇ ಎಂದು ಚಟ್ನಿ, ಹಿಟ್ಟು, ಗಲ್ಲಾ ಕೂಡ ಸೇರಿಸಿದಳು. ಅಂದಿನಿಂದ ಅಣ್ಣ ನನ್ನ ದನಿಯಲ್ಲಿ ಮಾತಾಡುತ್ತಾನೆ.

ಈ ಆ್ಯಪ್ ಜನರ ಮೊಬೈಲಿಗೆ ಬರುವುದು ಆ್ಯಪ್ ಸ್ಟೋರಿನ ಮೂಲಕ. ಬಳಸುವವರು ಕೊಡುವ ಹಣವೂ ಸ್ಟೋರಿನವರ ಕೈಯಿಂದಲೇ ಹಾದು, ಅವರ ಪಾಲು ಮುರಿದು ಬರಬೇಕಂತೆ. ನಮ್ಮ ಗಿರಾಕಿಯ ಬಿಲ್ಲನ್ನು ಬಿಲ್ಡಿಂಗ್ ಮಾಲಕ ಗೇಟಿನಲ್ಲಿ ನಿಂತು ವಸೂಲು ಮಾಡಿದ ಹಾಗೆ. ನಮಿತಾ ಹಣವನ್ನು ಬಳಸುವವರಿಂದ ನೇರವಾಗಿ ತೆಗೆದುಕೊಳ್ಳತೊಡಗಿದಳು. ತನ್ನಂಥ ಸಣ್ಣ ಆ್ಯಪ್‌ನವರ ಜೊತೆ ಸೇರಿ, ದೊಡ್ಡ ಕಂಪನಿಗಳ ದಬ್ಬಾಳಿಕೆ ವಿಚಾರಿಸುವ ಸ್ಪರ್ಧಾ ಆಯೋಗಕ್ಕೆ ದೂರೂ ಕೊಟ್ಟಳು. ನೇರ ಹಣ ನಿಲ್ಲಿಸದಿದ್ದರೆ ಆ್ಯಪನ್ನೇ ತೆಗೆಯುತ್ತೇವೆಂದು ಸ್ಟೋರಿನಿಂದ ನೋಟಿಸ್ ಬಂತು. ಹಿಂದೆಯೇ, ಮಾತಾಡೋಣ ಬನ್ನಿ ಎಂದು ಅವರ ವಕೀಲರ ಫೋನು.

ಅಂಧೇರಿಯ ಅವರ ಆಫೀಸಿಗೆ ನಮಿತಾಳ ಜೊತೆ ನಾನೂ ಹೋದೆ. ವಕೀಲರು ನಿಯಮ ಹೇಳಿದಷ್ಟು ಹೊತ್ತೂ ಕೇಳಿ, “ಫೈನಲ್ ಬೋಲೋ ಸಾಬ್” ಎಂದು ಅವರ ಕೊನೆಯ ರೇಟಿಗೆ ಕಾದು ಕೂತೆ. ಹೊರಡುವವನಂತೆ ಎರಡು ಸಲ ಎದ್ದು ನಿಂತೆ. ಕೊನೆಗೆ ಅವರು ಇಳಿದರು: ನಮಿತಾಳ ಆ್ಯಪಿಗೆ ಶುಲ್ಕ ಹೆಚ್ಚುಕಡಿಮೆ ಮಾಫಿ. ಅದಕ್ಕೆ ಬದಲು ಅವಳು ದೂರಿನಿಂದ ಹೆಸರು ವಾಪಸ್ ತೆಗೆಯಬೇಕು, ಯಾರಿಗೂ ಹೇಳಬಾರದು.

ಮನೆಗೆ ಬಂದು ಅಣ್ಣನ ಮಂಚದ ಪಕ್ಕ ಕೂತೆವು.

“ಸಹಿ ಹಾಕು ಮಗಾ. ಇದಕ್ಕಿಂತ ಒಳ್ಳೆ ರೇಟು ಸಿಗೂದಿಲ್ಲ.”

“ಅಂಕಲ್, ನನ್ದು ಒಬ್ಬಳ್ದು ಕಮ್ಮಿ ಆಯ್ತು. ಬಾಕಿ ಲೋಗ್, ದೂರಿನಲ್ಲಿ ಜೊತೆಗಿದ್ದವ್ರು?”

“ಬಾಕಿ ಲೋಗ್ ಬಂದು ನಿನ್ನ ಇಎಂಐ ಕಟ್ತಾರಾ? ಆ್ಯಪ್ ಹೋದ್ರೆ, ಈ ಫೋನ್ ಹಾಳಾದ ದಿನ ಇವನ ಬಾಯಿಯೂ ಹೋಯ್ತು.”

ಅಣ್ಣನನ್ನು ತೋರಿಸಿದರೆ ಅವಳು ಕರಗುತ್ತಾಳೆ ಎಂದು ನನ್ನ ಅಂದಾಜು. ಅವಳು ಅವನ ಕಡೆಗೇ ತಿರುಗಿದಳು. “ಬಡೇ ಅಂಕಲ್, ನೀವ್ ಬೋಲೋ. ಕ್ಯಾ ಕರೂಂ? ಸಹಿ ಹಾಕ್ಲಾ?”

ಅಣ್ಣನ ಎಡಗೈ ಬೆರಳು ಫೋನಿನ ಮೇಲೆ ಬಹಳ ಹೊತ್ತು ಅಲೆಯಿತು. ಆಮೇಲೆ ನನ್ನ ದನಿ ಕೇಳಿಸಿತು: “ಬೇಡ.”

“ಕೈ ತಪ್ಪಿತು ಅವನಿಗೆ” ಎಂದೆ.

ಅವನು ನನ್ನನ್ನೇ ನೋಡುತ್ತ ಮತ್ತೆ ಒತ್ತಿದ. “ಬೇಡ.” ಆಮೇಲೆ, “ಹಿಟ್ಟು.”

ನಮಿತಾಳಿಗೆ ಅರ್ಥವಾಗಲಿಲ್ಲ. ನನಗಾಯಿತು. ಹಿಂದೊಮ್ಮೆ ಹಾಲಿನವನು ರೇಟು ಏರಿಸಿದಾಗ ನಮ್ಮ ಗಲ್ಲಿಯ ಹೋಟೆಲಿನವರೆಲ್ಲ ಸೇರಿ ಅವನ ಹಾಲು ನಿಲ್ಲಿಸಿದ್ದೆವು. ನಮ್ಮಲ್ಲೊಬ್ಬ ಗುಟ್ಟಾಗಿ ತನಗೊಬ್ಬನಿಗೆ ಕಡಿಮೆ ಮಾಡಿಸಿಕೊಂಡ. ಒಗ್ಗಟ್ಟು ಮುರಿದು ಉಳಿದವರು ಏರಿದ ರೇಟನ್ನೇ ಕೊಡಬೇಕಾಯಿತು. ಯಾರದಾದರೂ ಗ್ರೈಂಡರ್ ಕೆಟ್ಟರೆ ಪಕ್ಕದ ಹೋಟೆಲಿನಿಂದ ಇಡ್ಲಿ ಹಿಟ್ಟು ಕೇಳದೆಯೇ ಹೋಗುವುದು ನಮ್ಮವರ ಪದ್ಧತಿ. ಆ ಗುಟ್ಟಿನವನ ಗ್ರೈಂಡರ್ ಕೆಟ್ಟ ದಿನ ಯಾರ ಹಿಟ್ಟಿನ ಬಕೆಟ್ಟೂ ಹೋಗಲಿಲ್ಲ. ಅವನನ್ನು ಎಲ್ಲರಿಗಿಂತ ಜೋರಾಗಿ ಬೈದವನು ನಾನು.

ನಾನು ಎದ್ದು ಚಹಾ ಮಾಡಲು ಒಳಗೆ ಹೋದೆ.

ನಮಿತಾ ಸಹಿ ಹಾಕಲಿಲ್ಲ. ಆ್ಯಪ್ ಸ್ಟೋರಿನಿಂದ ಹೋಯಿತು. ಅವಳೀಗ ಮುಲುಂಡಿನಲ್ಲಿ ಬೇರೆಯವರ ಕೈಕೆಳಗೆ ಕೆಲಸ ಮಾಡುತ್ತಾಳೆ. ದೂರು ಇನ್ನೂ ನಡೆಯುತ್ತಿದೆ. ಅಣ್ಣನ ಹಳೆಯ ಫೋನಿನಲ್ಲಿ ಆ್ಯಪ್ ಇನ್ನೂ ಇದೆ. ಅದನ್ನು ಚಾರ್ಜಿಗೆ ಹಾಕುವವನು ನಾನೇ, ಬೇರೆ ಯಾರಿಗೂ ಮುಟ್ಟಲು ಬಿಡುವುದಿಲ್ಲ. ಚೌಕಾಸಿಯ ಸಲಹೆ ಕೇಳಿ ಬಂದವರಿಗೆ ಚಪ್ಪಲಿಯ ಮಾತಿನ ಜೊತೆ ಈಗ ಇನ್ನೊಂದು ಹೇಳುತ್ತೇನೆ: ನಿಮಗೊಬ್ಬರಿಗೇ ರೇಟು ಇಳಿದರೆ, ಜೊತೆಗೆ ಬಂದವರ ಮುಖ ಒಮ್ಮೆ ನೋಡಿ.

ಆ ‘ಬೇಡ’ ಇವತ್ತಿಗೂ ಕಿವಿಯಲ್ಲಿದೆ. ನಾನು ಬೇಡ ಎಂದಾಗಲೆಲ್ಲ ಅದರೊಳಗೆ ‘ಇನ್ನೂ ಸ್ವಲ್ಪ ಇಳಿಸು’ ಎಂಬುದು ಇರುತ್ತಿತ್ತು. ಅಣ್ಣ ಹೇಳಿದ್ದರಲ್ಲಿ ಅದು ಇರಲಿಲ್ಲ.