ಟ್ರಿಗರಿನ ಹೊರಗಿನ ಬೆರಳು

ಚಿನ್ನದ ಅಂಗಡಿಯ ಬಾಗಿಲಲ್ಲಿ ಜೋಡುನಳಿಗೆ ಕೋವಿ ಹಿಡಿದು ಸ್ಟೂಲಿನ ಮೇಲೆ ಕೂರುವ ಹೆಂಗಸನ್ನು ಬೀದಿಯವರೆಲ್ಲ ಕೋವಿ ಅಕ್ಕ ಎಂದೇ ಕರೆಯುತ್ತಾರೆ. ಎತ್ತರ ಹೇಳಿಕೊಳ್ಳುವಂಥದ್ದಲ್ಲ, ಕೋವಿಯನ್ನು ನೆಟ್ಟಗೆ ನಿಲ್ಲಿಸಿದರೆ ಅವಳ ಭುಜ ಮುಟ್ಟುತ್ತದೆ. ಹೊಸ ಗಿರಾಕಿಗಳು ಮೊದಲು ಕೋವಿ ನೋಡಿ ಬೆಚ್ಚುತ್ತಾರೆ, ಆಮೇಲೆ ಅವಳನ್ನು ನೋಡಿ ನಗುತ್ತಾರೆ. ನಗಲಿ ಬಿಡಿ. ಅವರ ಹಲ್ಲು ಕಂಡಿತು, ಅಷ್ಟೆ.

ಮೊದಲು ಅದೇ ಅಂಗಡಿಯಲ್ಲಿ ನೆಲ ಒರೆಸುತ್ತಿದ್ದವಳು. ಹಳೆಯ ಕಾವಲುಗಾರ ಕಣ್ಣಿಗೆ ಪೊರೆ ಬಂದು ಕೆಲಸ ಬಿಟ್ಟಾಗ, "ನಾನು ಕಲೀತೀನಿ ಯಜಮಾನ್ರೇ" ಎಂದು ಮುಂದೆ ಬಂದಳು. ಲಾರಿ ಓಡಿಸುವ ಗಂಡ ಮನೆ ಸೇರುವುದು ಅಪರೂಪ, ಅತ್ತೆಗೆ ಮಂಡಿನೋವು, ಒರೆಸುವ ಕೆಲಸಕ್ಕಿಂತ ಕಾವಲಿನ ಸಂಬಳ ಮೇಲು. ಮಾಲೀಕರಿಗೂ ಹೊಸಬನನ್ನು ಹುಡುಕುವ ತಲೆನೋವು ತಪ್ಪಿತು.

ಪರವಾನಗಿಗೆ ಮುಂಚೆ ತರಬೇತಿ ಕೊಟ್ಟವರು ಸೇನೆಯಿಂದ ನಿವೃತ್ತರಾದ ಒಬ್ಬ ಮುದುಕರು. ಗುರಿ ಹಿಡಿಯುವುದನ್ನು ಅವರು ಬೇಗನೆ ಕಲಿಸಿದರು. ಹಿಡಿಯದೆ ಇರುವುದನ್ನು ಕಲಿಸುವುದಕ್ಕೇ ಹೊತ್ತು ತೆಗೆದುಕೊಂಡರು.

"ಕೋವಿ ಎತ್ತೋ ಮೊದಲು ನಿನ್ನನ್ನ ನೀನೇ ಕೇಳ್ಕೋಬೇಕು ಕಣಮ್ಮ," ಎನ್ನುತ್ತಿದ್ದರು. "ಪ್ರಾಣಕ್ಕೆ ಬಂತಾ? ನಿಂದೋ, ಇನ್ನೊಬ್ಬರದೋ. ಈಗಲೇ ಬಂತಾ? ನಾಳೆ ನೋಡ್ಕೋತೀನಿ ಅಂತ ಕೂಗಾಡೋನಿಗೆ ಪೊಲೀಸರಿದ್ದಾರೆ. ಎರಡಕ್ಕೂ ಹೌದು ಅಂದ್ರೆ ಎತ್ತು. ಹೌದು ಅನ್ನೋದು ಇಲ್ಲ ಅಂತಾಯ್ತೋ, ಆ ಕ್ಷಣವೇ ಇಳಿಸು. ಕಾನೂನು ಕೊಟ್ಟಿರೋದು ಕಾಪಾಡೋ ಹಕ್ಕು, ಸಿಟ್ಟು ತೀರಿಸ್ಕೊಳ್ಳೋ ಹಕ್ಕಲ್ಲ. ಹೊಡೆಯಲೇಬೇಕು ಅನ್ನೋವರೆಗೂ ಬೆರಳು ಟ್ರಿಗರಿನ ಹೊರಗೆ."

ಈ ಪಾಠ ಅವಳ ಜೊತೆ ಮನೆಗೂ ಬಂದು ಠಿಕಾಣಿ ಹೂಡಿತು. ಹಾಲು ಉಕ್ಕಿತೆಂದು ಅತ್ತೆ ಕೂಗಿದರೆ ಸೊಸೆ ಬಚ್ಚಲಿಂದಲೇ "ಪ್ರಾಣಕ್ಕೆ ಬಂತಾ ಅತ್ತೆ?" ಎನ್ನುವಳು. ಅತ್ತೆಯೇನು ಕಡಿಮೆಯವರೇ? ಜಿರಳೆಯ ಮೇಲೆ ಸೊಸೆ ಪೊರಕೆ ಎತ್ತಿದರೆ, ಮಂಚದ ಮೇಲಿಂದ "ಈಗಲೇ ಬಂತಾ?" ಎಂದು ಕೇಳಿ ಬೊಚ್ಚುಬಾಯಿ ಅಗಲಿಸಿ ನಗುವರು. ಅತ್ತೆ ಸೊಸೆ ಹೀಗೆ ನಗುವುದನ್ನು ಕೇಳಿ ಅಕ್ಕಪಕ್ಕದವರಿಗೆ ಹೊಟ್ಟೆ ಉರಿಯುತ್ತಿತ್ತು.

ಅಂಗಡಿಯ ಮಾಲೀಕರಿಗೆ ಮಾತ್ರ ಈ ಪಾಠ ಹಿಡಿಸಲಿಲ್ಲ. ಒಮ್ಮೆ ಗಿರಾಕಿಯೊಬ್ಬ ಉಂಗುರ ಸಡಿಲವಾಯಿತೆಂದು ರಂಪ ಮಾಡಿ ಮೇಜು ಗುದ್ದಿದಾಗ, "ಅದನ್ನ ಸ್ವಲ್ಪ ಎತ್ತಿ ತೋರ್ಸಮ್ಮಾ, ತಣ್ಣಗಾಗ್ತಾನೆ" ಎಂದು ಅವರು ಕಣ್ಸನ್ನೆ ಮಾಡಿದರು. ಅವಳು ಕದಲಲಿಲ್ಲ. ಅವನು ಹೋದ ಮೇಲೆ, "ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ ಯಜಮಾನ್ರೇ? ಬೈದೋರಿಗೆಲ್ಲ ಕೋವಿ ಎತ್ತಿದ್ರೆ ಜೈಲಿಗೆ ಹೋಗೋಳು ನಾನು" ಎಂದಳು. ಮಾಲೀಕರು ಮುಖ ಊದಿಸಿಕೊಂಡರು. ಕೋವಿಗೆ ಸಂಬಳ ಕೊಟ್ಟಮೇಲೆ ಅದು ತನ್ನ ಮಾತು ಕೇಳಬೇಕೆಂದು ಅವರ ಎಣಿಕೆ.

ಆ ದಿನ ಊಟದ ಹೊತ್ತು ಮೀರಿ ಅಂಗಡಿ ತೂಕಡಿಸುತ್ತಿತ್ತು. ಒಳಗಿದ್ದವರು ಮೂವರೇ: ತಿಜೋರಿಯ ಪಕ್ಕ ಮಾಲೀಕರು, ಬಾಗಿಲಲ್ಲಿ ಅವಳು, ಕೌಂಟರಿನಲ್ಲಿ ಚಿನ್ನ ತೂಗುವ ತಕ್ಕಡಿ ಅಣ್ಣ. ತಕ್ಕಡಿ ಹೋಗಿ ಕರೆಂಟಿನ ಯಂತ್ರ ಬಂದರೂ ಆ ಹೆಸರು ಅವನನ್ನು ಬಿಟ್ಟಿರಲಿಲ್ಲ. ಹೆಲ್ಮೆಟ್ ಹಾಕಿಕೊಂಡೇ ಒಬ್ಬ ಒಳಗೆ ನುಗ್ಗಿದ. "ಹೆಲ್ಮೆಟ್ ತೆಗೀರಿ" ಎಂದು ಅವಳು ಹೇಳಿ ಮುಗಿಸುವಷ್ಟರಲ್ಲಿ ಜಾಕೆಟ್ಟಿನೊಳಗಿಂದ ಮಚ್ಚು ಹೊರಬಂತು. ಅವನು ಕೌಂಟರಿನ ಮೇಲೆ ಬಾಗಿ ತಕ್ಕಡಿ ಅಣ್ಣನ ಕಾಲರ್ ಹಿಡಿದೆಳೆದು ಕುತ್ತಿಗೆಗೆ ಮಚ್ಚು ಒತ್ತಿದ. ಕಾಲರಿನ ಮೇಲೆ ರಕ್ತ ಇಳಿಯಿತು.

ಪ್ರಾಣಕ್ಕೆ ಬಂದಿತ್ತು. ಈಗಲೇ ಬಂದಿತ್ತು. ಅವಳು ಕೋವಿ ಎತ್ತಿದಳು.

ಎತ್ತಿದ್ದು ಹೇಗೆ ಎಂಬುದನ್ನೂ ಹೇಳಬೇಕು. ಅವಳಿದ್ದಲ್ಲಿಂದ ನೋಡಿದರೆ ಕಳ್ಳನ ಹಿಂದೆ ಬೀದಿ ಬದಿಯ ಗಾಜು, ಗಾಜಿನಾಚೆ ಓಡಾಡುವ ಜನ. ಅವಳು ಪಕ್ಕಕ್ಕೆ ಸರಿದು, ಅವನ ಹಿಂದೆ ಬರೀ ಗೋಡೆ ಬರುವ ಹಾಗೆ ನಿಂತಳು. ಹಾಗಿದ್ದರೂ ಹೊಡೆಯುವಂತಿರಲಿಲ್ಲ, ಆ ಕೋವಿಯ ಚರೆಗುಂಡುಗಳು ಚದುರುತ್ತವೆ, ತಕ್ಕಡಿ ಅಣ್ಣನ ತಲೆ ಕಳ್ಳನ ತಲೆಗೆ ಅಂಟಿಕೊಂಡಿತ್ತು. ಬೆರಳು ಟ್ರಿಗರಿನ ಹೊರಗೇ ಇತ್ತು.

"ಮಚ್ಚು ಬಿಡು," ಎಂದಳು. ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುವಷ್ಟೇ ದನಿ. "ಅವರನ್ನ ಬಿಟ್ಟು ಹಿಂದೆ ಸರಿ. ಇನ್ನೊಂದು ಸಲ ಒತ್ತಿದ್ಯೋ, ಹೊಡೀತೀನಿ."

ಎರಡು ನಳಿಗೆಗಳೂ ತನ್ನನ್ನೇ ನೋಡುತ್ತಿವೆಯೆಂದು ಅವನಿಗೆ ಗೊತ್ತಾಯಿತು. ಮಚ್ಚು ಠಣಾರನೆ ನೆಲಕ್ಕೆ ಬಿತ್ತು. ಕಾಲರ್ ಬಿಟ್ಟ ಕೈಯಲ್ಲೇ ಸರಗಳ ತಟ್ಟೆಯೊಂದನ್ನು ಬಾಚಿಕೊಂಡು ಬಾಗಿಲಿನತ್ತ ಓಡಿದ.

"ಹೊಡಿ! ಹೊಡಿಯಮ್ಮಾ!" ತಿಜೋರಿಯ ಹಿಂದೆ ಕುಕ್ಕರಗಾಲಲ್ಲಿದ್ದ ಮಾಲೀಕರಿಗೆ ಆಗ ಗಂಟಲು ಬಂದಿತ್ತು.

ಅಗಲವಾದ ಬೆನ್ನು, ಕೈಯಳತೆಯ ದೂರ. ಆ ಒಂದು ಉಸಿರಿನಲ್ಲಿ ಏನು ನಡೆಯಿತೆಂದು ಅವಳೊಬ್ಬಳಿಗೇ ಗೊತ್ತು. ಕಂಡವರಿಗೆ ಕಂಡದ್ದಿಷ್ಟು: ಕೋವಿಯ ಮೂತಿ ನೆಲಕ್ಕೆ ಇಳಿಯಿತು, ಬಾಗಿಲು ಬಡಿದುಕೊಂಡಿತು, ಹೊರಗೆ ಅವನ ಬೈಕು ಹೋಯಿತು. ಅವಳು ತಕ್ಕಡಿ ಅಣ್ಣನ ಕತ್ತಿಗೆ ತನ್ನ ಕರವಸ್ತ್ರ ಒತ್ತಿ ಹಿಡಿದಳು. ಗಾಯ ಆಳವಿರಲಿಲ್ಲ.

ಬಂದ ಇನ್ಸ್‌ಪೆಕ್ಟರ್ ಎದುರಿಗೇ ಮಾಲೀಕರು ಕೂಗಾಡಿದರು. "ಕೂಳು ಹಾಕಿ ಗೊಂಬೆ ಸಾಕಿದೆ ಸಾರ್! ತಟ್ಟೆ ಸಮೇತ ಕಣ್ಣೆದುರಿಗೇ ಹೋದ. ನಾಳೆಯಿಂದ ಬರೋದೇ ಬೇಡ ನೀನು."

ಅವಳಿಗೆ ಅತ್ತೆಯ ಮಾತ್ರೆ, ಮನೆಯ ಬಾಡಿಗೆ, ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂತು. ಆದರೂ ಇನ್ಸ್‌ಪೆಕ್ಟರ್ ಕೇಳಿದಾಗ ನಡೆದದ್ದನ್ನು ನಡೆದ ಹಾಗೇ ಹೇಳಿದಳು. ಅವರು ನೆಲದ ಮಚ್ಚು ನೋಡಿದರು, ಬಾಗಿಲು ನೋಡಿದರು.

"ಕತ್ತಿನ ಮೇಲೆ ಮಚ್ಚಿದ್ದಾಗ ಕೋವಿ ಎತ್ತಿದ್ದು ಸರಿಯೇ," ಎಂದರು ಮಾಲೀಕರತ್ತ ತಿರುಗಿ. "ಮಚ್ಚು ಬಿಸಾಕಿ ಓಡೋನ ಬೆನ್ನಿಗೆ ಹೊಡೆದಿದ್ರೆ, ನಾನೀಗ ಅವನನ್ನ ಹುಡುಕೋದು ಬಿಟ್ಟು ಇವರನ್ನ ಕರ್ಕೊಂಡು ಹೋಗ್ಬೇಕಾಗ್ತಿತ್ತು. ಹೊಡಿ ಅಂದ ನಿಮ್ಮನ್ನೂ."

ಮಾಲೀಕರು ಬಾಯಿ ತೆರೆದರು. ಅಷ್ಟರಲ್ಲಿ, ಕತ್ತಿಗೆ ಪಟ್ಟಿ ಕಟ್ಟಿಸಿಕೊಂಡ ತಕ್ಕಡಿ ಅಣ್ಣ ಎಂದೂ ಎತ್ತರಿಸದ ದನಿ ಎತ್ತರಿಸಿದ. "ಅಕ್ಕನ್ನ ಕಳಿಸೋದಾದ್ರೆ ನಾಳೆಯಿಂದ ಚಿನ್ನಾನೂ ನೀವೇ ತೂಗ್ಕೊಳ್ಳಿ."

"ಯಾರೀಗ ಕಳಿಸ್ತೀನಿ ಅಂದಿದ್ದು?" ಎಂದು ಗೊಣಗಿದ ಮಾಲೀಕರು ಬಾಗಿಲಿಗೆ ಇನ್ನೊಂದು ಬೀಗ ಹಾಕಿಸಲು ಫೋನ್ ಹಚ್ಚಿದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಮುಚ್ಚಿದರಂತೆ.

ಅವಳಿಗಿಂತ ಮೊದಲೇ ಸುದ್ದಿ ಮನೆ ತಲುಪಿತ್ತು. ಕೋವಿ ಇದ್ದರೂ ಹೊಡೆಯುವ ಗುಂಡಿಗೆ ಇರಲಿಲ್ಲವಂತೆ ಎಂದು ಪಕ್ಕದ ಮನೆಯಾಕೆ ಉಪ್ಪುಖಾರ ಹಚ್ಚಿ ಹೋಗಿದ್ದಳು. ಸೊಸೆ ಬಂದವಳೇ ಒಲೆಯ ಮೇಲೆ ಹಾಲಿಟ್ಟು, ಅಡುಗೆಮನೆಯ ಗೋಡೆಗೊರಗಿ ನೆಲದ ಮೇಲೆ ಕೂತಳು. ಅತ್ತೆ ನೋವಿನ ಮಂಡಿಯನ್ನು ಹೇಗೋ ಮಡಚಿ ಅವಳ ಪಕ್ಕದಲ್ಲೇ ಕೂತರು.

"ಪ್ರಾಣಕ್ಕೆ ಬಂತಾ?" ಎಂದು ಕೇಳಿದರು. ಈ ಸಲ ನಗಲಿಲ್ಲ.

"ಬಂತು ಅತ್ತೆ."

ಅತ್ತೆ ಅವಳ ಬೆನ್ನು ಸವರಿದರು. ಸೊಸೆ ತಾನಾಗಿಯೇ ಬಾಯಿಬಿಟ್ಟಳು.

"ಇದನ್ನ ಯಾರಿಗೂ ಹೇಳಿಲ್ಲ. ಅವನು ಓಡುವಾಗ ಬೆರಳು ಒಳಗೆ ಹೋಗಿತ್ತು ಅತ್ತೆ. ಆಗ ಭಯ ಇರ್ಲಿಲ್ಲ. ಸಿಟ್ಟು, ಬರೀ ಸಿಟ್ಟು. ಅಣ್ಣನ ರಕ್ತ ನೋಡಿದ್ನಲ್ಲ... ಒಂಚೂರು ಒತ್ತಿದ್ರೆ ಸಾಕಿತ್ತು."

ಅತ್ತೆ ಅವಳ ಬಲಗೈಯ ಆ ತೋರುಬೆರಳನ್ನು ಹುಡುಕಿ ಹಿಡಿದು, ಮಗುವಿನ ಬೆರಳೇನೋ ಎಂಬಂತೆ ಎರಡೂ ಅಂಗೈಗಳ ನಡುವೆ ಮುಚ್ಚಿಕೊಂಡರು.

"ಹೊರಗೆ ಬಂತಲ್ಲ, ಮಗಳೇ," ಎಂದರು. "ಹೊರಗೆ ಬಂತಲ್ಲ."

ಒಲೆಯ ಮೇಲೆ ಹಾಲು ಉಕ್ಕಿ ಸುರಿಯಿತು. ಇಬ್ಬರೂ ಏಳಲಿಲ್ಲ.