ಸೋಕಿದ್ದೂ ಕೊಡಂಗಿಲ್ಲ

ನಮ್ಮ ಅತ್ತೆಯ ಮಡಿಯನ್ನು ನಾನು ದಿನಾ ಬಸ್ ಸ್ಟಾಪಿನಲ್ಲೇ ಕೊಡವಿಕೊಂಡು ಶಾಲೆಗೆ ಹೋಗುತ್ತಿದ್ದೆ. ರಾಜಾಜಿನಗರದ ನಮ್ಮ ಮನೆಯಲ್ಲಿ, ಒಣಹಾಕಿದ ಮಡಿ ಸೀರೆಗೆ ನನ್ನ ಸೆರಗು ತಾಗಿದರೆ ಅದನ್ನು ಮತ್ತೆ ಒಗೆಯಬೇಕು. ಅನ್ನದ ಸೌಟು ಹಾಲಿನ ಪಾತ್ರೆಗೆ ಸೋಕಿದರೆ ದೊಡ್ಡ ರಾಮಾಯಣ. ಬಸವೇಶ್ವರನಗರದ ಪ್ರೈಮರಿ ಶಾಲೆಯಲ್ಲಿ ಈ ಕಾಟ ಇರಲಿಲ್ಲ. ಅಲ್ಲಿ ನಾನು ಮೂರನೇ ಕ್ಲಾಸಿನ ಮಿಸ್. ಓದಿದವಳು, ತಿಳಿದವಳು ಎಂಬ ಜಂಬ ಬೇಕಾದಷ್ಟಿತ್ತು.

ಎಂಬತ್ತರ ದಶಕದ ನಡುವಿನ ಒಂದು ಜೂನ್‌ನಲ್ಲಿ ನನ್ನ ಕ್ಲಾಸಿಗೆ ಹೊಸದಾಗಿ ಒಬ್ಬ ಹುಡುಗಿ ಸೇರಿದಳು. ಆ ವಾರವೇ ಅವಳ ತಾಯಿ ಬಂದು, ಟೀಚರುಗಳನ್ನೆಲ್ಲ ಒಂದು ಗಂಟೆ ಕೂರಿಸಿಕೊಡಿ ಎಂದು ಹೆಡ್‌ಮಿಸ್ಟ್ರೆಸ್ಸನ್ನು ಕೇಳಿದಳು. ಗಂಡನಿಗೆ ಬಿನ್ನಿಪೇಟೆಯ ಮಿಲ್ಲಿನಲ್ಲಿ ಕೆಲಸ, ಆಕೆ ಓದಿದ್ದು ಏಳನೇ ಕ್ಲಾಸು. ಹಿಂದಿನ ವರ್ಷ ಮಗು ಒಂದು ಚೂರು ಕಡಲೆಕಾಯಿ ಮಿಠಾಯಿ ತಿಂದು, ಅದು ಮೈಗೆ ಒಗ್ಗದೆ ಊದಿಕೊಂಡು, ಉಸಿರು ಕಟ್ಟಿ, ಆಸ್ಪತ್ರೆಯಲ್ಲಿ ಹೇಗೋ ಬದುಕಿ ಉಳಿದಿತ್ತಂತೆ. ಡಾಕ್ಟರು ಹೇಳಿದ್ದನ್ನೆಲ್ಲ ಆಕೆ ಬಾಯಿಪಾಠ ಮಾಡಿಕೊಂಡಿದ್ದಳು. ನಮಗೆ ಪಾಠ ಹೇಳುವುದಕ್ಕೆ ಇವಳು ಬಂದಳೇ ಎಂದು ನಾವು ಮುಖ ಮುಖ ನೋಡಿಕೊಂಡೆವು.

ಆಕೆ ವೈರ್ ಬ್ಯಾಗಿನಿಂದ ಒಂದು ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ಔಷಧಿಯ ಸಣ್ಣ ಗಾಜಿನ ಸೀಸೆ, ಸಿರಿಂಜು. ಪಕ್ಕದಲ್ಲಿ ಒಂದು ಮೂಸಂಬಿ ಇಟ್ಟಳು.

"ಮೈಯೆಲ್ಲಾ ದದ್ದು ಎದ್ದು, ತುಟಿ ಊದಿ, ಉಸಿರಾಡೋಕೆ ಕಷ್ಟ ಆದ್ರೆ ತೊಡೆಗೆ ಇದನ್ನ ಚುಚ್ಬಿಡಿ ಮಿಸ್. ಆಮೇಲೆ ಆಸ್ಪತ್ರೆ. ಮೊದ್ಲು ಈ ಹಣ್ಣಿಗೆ ಚುಚ್ಚಿ ಕಲೀಬೋದು. ನಂಗೂ ಹಂಗೇ ಹೇಳ್ಕೊಟ್ರು."

"ನೋಡಮ್ಮ, ಸೂಜಿ ಗೀಜಿ ಎಲ್ಲ ನಮ್ಮ ಕೈಲಾಗಲ್ಲ," ಎಂದರು ಹೆಡ್‌ಮಿಸ್ಟ್ರೆಸ್. "ಹೆಚ್ಚುಕಮ್ಮಿ ಆದ್ರೆ ಯಾರು ಜವಾಬ್ದಾರಿ? ಆಟೋ ಮಾಡ್ಕೊಂಡು ನರ್ಸಿಂಗ್ ಹೋಮಿಗೆ ಕರ್ಕೊಂಡು ಹೋಗ್ತೀವಿ ಬಿಡಿ."

ಆಕೆ ಡಬ್ಬಿಯನ್ನು ಮತ್ತೆ ಬ್ಯಾಗಿಗೆ ಹಾಕಿಕೊಂಡಳು.

"ಹಂಗಾದ್ರೆ ಒಂದು ಮಾತು ನೆನಪಿಟ್ಕೊಳ್ಳಿ. ಕಡಲೆಕಾಯಿ ಇರ್ಲಿ, ಅದು ಸೋಕಿದ್ದೂ ಕೊಡಂಗಿಲ್ಲ. ನಿಮ್ಮನೇಗಳಲ್ಲಿ ಮಡಿ ಮಾಡ್ತೀರಲ್ಲ, ಹಂಗೆ ಅಂದ್ಕೊಳ್ಳಿ ಮಿಸ್."

ಎಲ್ಲರೂ ನಕ್ಕರು. ನನಗೆ ರೇಗಿತು. ಬಿಟ್ಟೆನೆಂದರೂ ಬಿಡದೀ ಮಾಯೆ ಎಂಬಂತೆ ಮಡಿ ಇಲ್ಲಿಗೂ ಬಂತಲ್ಲ! ನನ್ನ ಪುಸ್ತಕದಲ್ಲಿ 'ಕಡಲೆಕಾಯಿ ಕೊಡಬಾರದು' ಎಂದು ಬರೆದುಕೊಂಡೆ. ಸೋಕುವ ಮಾತನ್ನು ಬರೆಯಲಿಲ್ಲ. ಆಕೆ ಮರೆತು ಹೋದ ಮೂಸಂಬಿಯನ್ನು ಊಟದ ಹೊತ್ತಿಗೆ ಹಂಚಿಕೊಂಡು ತಿಂದೆವು.

ಜನವರಿ ಬಂತು. ಸಂಕ್ರಾಂತಿಯ ಮರುದಿನ ಹುಡುಗಿಯರೆಲ್ಲ ರೇಷ್ಮೆ ಲಂಗ ಉಟ್ಟು, ಡಬ್ಬಿಗಳಲ್ಲಿ ಎಳ್ಳು ತಂದಿದ್ದರು. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಹುರಿದ ಕಡಲೆಕಾಯಿ ಬೀಜ. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ ಎಂದು ಒಬ್ಬರಿಗೊಬ್ಬರು ಹಂಚುತ್ತಿದ್ದರು. ಈ ಹುಡುಗಿ ಮಾತ್ರ ಕೈ ಹಿಂದೆ ಕಟ್ಟಿಕೊಂಡು ಗೋಡೆಗೆ ಒರಗಿದ್ದಳು.

"ಅಮ್ಮ ಬೇಡ ಅಂದವ್ರೆ ಮಿಸ್."

ಪಾಪ ಎನಿಸಿತು. ಹಬ್ಬದ ಎಳ್ಳು ಬೇಡ ಎನ್ನುವುದುಂಟೇ? ಒಂದು ಹಿಡಿ ಎಳ್ಳನ್ನು ಪೇಪರಿನ ಮೇಲೆ ಹರವಿ, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಕಡಲೆಕಾಯಿ ಬೀಜಗಳನ್ನೆಲ್ಲ ಆರಿಸಿ ತೆಗೆದೆ. ಎರಡು ಸಲ ನೋಡಿದೆ.

"ಈಗ ತಿನ್ನು ಕಣೇ, ಒಂದೂ ಇಲ್ಲ," ಎಂದು ಕೈಗೆ ಹಾಕಿದೆ. ಅಮ್ಮನ ಮಾತಿಗಿಂತ ಮಿಸ್ ಮಾತು ದೊಡ್ಡದು. ತಿಂದಳು.

ಸ್ವಲ್ಪ ಹೊತ್ತಿಗೆ ಕುತ್ತಿಗೆ ತುರಿಸಿಕೊಳ್ಳತೊಡಗಿದಳು. ಕೆಂಪು ದದ್ದು. ಆಯಾ ನೋಡಿ, "ಪಿತ್ತದ ಗಂಧೆ ಕಣ್ರಮ್ಮ, ದೊಡ್ಡಪತ್ರೆ ಉಜ್ಜಿದ್ರೆ ಇಳಿತದೆ," ಎಂದು ಎಲೆ ಕೀಳಲು ಹೋದಳು. ನಾನೂ ಹೂಂ ಎಂದೆ. ಕಡಲೆಕಾಯಿಯನ್ನು ನಾನೇ ತೆಗೆದಿದ್ದೆನಲ್ಲ, ಇದು ಅದಾಗಿರಲು ಹೇಗೆ ಸಾಧ್ಯ? ಎಲೆ ಬಂತು, ಉಜ್ಜಿದೆವು. ತುಟಿ ಊದಿ, ಎದೆಯಿಂದ ಸುಂಯ್ ಎಂಬ ಸದ್ದು ಬಂದಾಗಲೇ ನಾನು ಆಟೋ ಎಂದು ಕಿರುಚಿದ್ದು.

ಮಾಗಡಿ ರಸ್ತೆಯುದ್ದಕ್ಕೂ ಮಗು ನನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿದಿತ್ತು. ನರ್ಸಿಂಗ್ ಹೋಮಿನ ಮೆಟ್ಟಿಲ ಹತ್ತಿರ ಮುಷ್ಟಿ ಸಡಿಲವಾಯಿತು. ಡಾಕ್ಟರು ಇಂಜೆಕ್ಷನ್ ಕೊಟ್ಟರು, ಎದೆ ಒತ್ತಿದರು. ಆಮೇಲೆ ಇಲ್ಲ ಎಂದು ತಲೆಯಾಡಿಸಿದರು.

ಸುದ್ದಿ ತಿಳಿದು ತಾಯಿ ಓಡಿ ಬಂದಳು. ಕೈಯಲ್ಲಿ ಅದೇ ವೈರ್ ಬ್ಯಾಗು. ನಾನು ಅಡ್ಡ ಹೋಗಿ, ಕೇಳುವ ಮೊದಲೇ ಹೇಳಿದೆ:

"ಒಂದೂ ಕಡಲೆಕಾಯಿ ಇರ್ಲಿಲ್ಲಮ್ಮ. ನಾನೇ ಕೈಯಾರೆ ಆರಿಸಿ ತೆಗ್ದು, ಆಮೇಲೆ ಕೊಟ್ಟೆ."

ಆಕೆ ನನ್ನ ಬೆರಳುಗಳನ್ನು ನೋಡಿದಳು.

"ಅದೇ ಕೈಲಾ ಮಿಸ್?"

ಆಮೇಲೆ ರಿಟೈರ್ ಆಗುವವರೆಗೂ, ಪ್ರತಿ ಜೂನ್‌ನಲ್ಲಿ ಹೊಸ ಟೀಚರುಗಳನ್ನು ಕೂರಿಸಿಕೊಂಡು ನಾನೇ ಈ ಪಾಠ ಹೇಳಿದೆ. ಸೋಕಿದ್ದೂ ಕೊಡಬೇಡಿ, ಮಡಿ ಅಂದುಕೊಳ್ಳಿ ಎಂದೆ. ಪ್ರತಿ ವರ್ಷವೂ ನಕ್ಕರು. ಕೊನೆಯ ವರ್ಷ ಆಗತಾನೇ ಕೆಲಸಕ್ಕೆ ಸೇರಿದ್ದ ಒಬ್ಬ ಟೀಚರ್ ಹುಡುಗಿ ಬಹಳ ಶ್ರದ್ಧೆಯಿಂದ ಬರೆದುಕೊಳ್ಳುತ್ತಿದ್ದಳು. ಹಿಂದೆ ನಿಂತು ಬಗ್ಗಿ ನೋಡಿದೆ. 'ಕಡಲೆಕಾಯಿ ಕೊಡಬಾರದು' ಎಂದು ಬರೆದು, ಕೆಳಗೆ ಗೆರೆ ಎಳೆದು, ಪುಸ್ತಕ ಮುಚ್ಚಿದಳು.