ಅಡ್ಡಹೆಸರಿನ ಊರು

ನಮ್ಮ ಜನಕ್ಕೆ ಜಾತಿ ಕೇಳಲು ನಾಚಿಕೆ, ತಿಳಿಯದೆ ಇರಲು ಮಾತ್ರ ಹೊಟ್ಟೆನೋವು. ಎರಡು ಸಾವಿರದ ಐದರ ಆಸುಪಾಸಿನಲ್ಲಿ, ಕಡಲಾಚೆಯ ದೇಶದಲ್ಲಿ, ಕ್ರಾಸ್‌ರೋಡ್ಸ್ ಎಂಬ ಬಡಾವಣೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ತಿಂಗಳಿಗೊಮ್ಮೆ ಕನ್ನಡದವರ ಊಟ ನಡೆಯುತ್ತಿತ್ತು. ಹೊಸಬರಿಗೆ ಮೊದಲು ಕೋಸಂಬರಿ, ಆಮೇಲೆ ಪ್ರಶ್ನೆ. "ನಿಮ್ ಸರ್‌ನೇಮ್ ಏನು? ಅದಕ್ಕೆ ಮೀನಿಂಗ್ ಏನು?" ಮನೆಯೊಡತಿ ಬೆಂಗಳೂರಿನವರು, ಸಾಫ್ಟ್‌ವೇರ್ ಇಂಜಿನಿಯರು, ಈ ವಿದ್ಯೆಯಲ್ಲಂತೂ ಪಳಗಿದ ಕೈ. ಒಮ್ಮೆ ಹುಬ್ಬಳ್ಳಿ ಕಡೆಯ ಒಂದು ಸಂಸಾರದ ಅಡ್ಡಹೆಸರಿನಿಂದ ಅವರ ಕುಲಕಸುಬು ಗೊತ್ತಾಯಿತು. ಮುಂದಿನ ತಿಂಗಳು ಅವರಿಗೆ ಕರೆಯೇ ಹೋಗಲಿಲ್ಲ. "ಅಯ್ಯೋ, ಈಮೇಲ್ ಕಳಿಸೋದು ಮಿಸ್ ಆಯ್ತು" ಅಂದರು. ಮಿಸ್ ಆಯ್ತಂತೆ, ಮಣ್ಣಾಂಗಟ್ಟಿ!

ನಾನು ಬಾಗಲಕೋಟೆ ಕಡೆಯವನು. ನಮ್ಮ ಮನೆತನದ್ದು ತೊಗಲಿನ ಕಸುಬು, ಅಡ್ಡಹೆಸರೂ ಅದೇ. ಆ ಮನೆಯಲ್ಲಿ ಯಾರು ಕೇಳಿದರೂ ಇನಿಶಿಯಲ್ ಮಾತ್ರ ಹೇಳಿ ಮಾತು ಹಾರಿಸುತ್ತಿದ್ದೆ. ಹೆಂಡತಿಗೆ ಕನ್ನಡದಲ್ಲಿ ಮಾತಾಡಲು ಇರುವುದು ಅದೊಂದೇ ಮನೆ, ಅದೂ ತಪ್ಪಿಹೋದರೆ ಹೇಗೆ ಎಂಬುದು ನನ್ನ ನೆಪ.

ಆ ತಿಂಗಳು ನನ್ನ ಆಫೀಸಿನ ಮುದುಕನೊಬ್ಬನನ್ನು ಊಟಕ್ಕೆ ಕರೆದೊಯ್ದಿದ್ದೆ. ಪಕ್ಕದ ಕೆನ್ಮೋರ್ ಊರಿನ ಬಿಳಿಯ, ಅಜ್ಜನ ಕಾಲಕ್ಕೆ ಜರ್ಮನಿಯಿಂದ ಬಂದ ಮನೆತನ, ಅಡ್ಡಹೆಸರುಗಳ ಮೂಲ ಹುಡುಕುವ ಹುಚ್ಚು. ಮನೆಯೊಡತಿ ರೂಢಿಯಂತೆ ಅವನನ್ನೂ ಕೇಳಿದರು. ಅಷ್ಟೇ ಸಾಕಾಯಿತು. ಶ್ಮಿಟ್ ಅಂದರೆ ಕಮ್ಮಾರ, ಶ್ನೈಡರ್ ಅಂದರೆ ದರ್ಜಿ, ಮ್ಯುಲ್ಲರ್ ಅಂದರೆ ಹಿಟ್ಟಿನ ಗಿರಣಿಯವ, ಕ್ಲೈನ್ ಅಂದರೆ ಕುಳ್ಳ. ಕೊನೆಗೆ ತನ್ನದೂ ಹೇಳಿದ: ತೊಗಲು ಹದ ಮಾಡುವವ.

"ವಾವ್, ಎಂಥಾ ಹೆರಿಟೇಜ್ ನೋಡಿ!" ಎಂದು ಮನೆಯೊಡತಿ ಅವನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದರು. ಉಳಿದವರು ಚಪ್ಪಾಳೆ ತಟ್ಟಿದರು. ಜರ್ಮನಿಯ ತೊಗಲು ಹೆರಿಟೇಜು, ಬಾಗಲಕೋಟೆಯದು ಮೈಲಿಗೆ. ಥೂ, ಇವರ ಓದಿಗಿಷ್ಟು ಬೆಂಕಿ ಹಾಕ!

ಮುದುಕ ಖುಷಿಯಲ್ಲಿ ನನ್ನ ಭುಜ ತಟ್ಟಿ, ನಿನ್ನದನ್ನೂ ಹೇಳು ಎಂದ. ನಮ್ಮಿಬ್ಬರ ಹಿರಿಯರದೂ ಒಂದೇ ಕಸುಬು ಎಂದು ಆಫೀಸಿನಲ್ಲಿ ನಾನೇ ಅವನಿಗೆ ಎದೆಯುಬ್ಬಿಸಿ ಹೇಳಿದ್ದೆ. ಮನೆಯೊಡತಿ ಸೌಟು ಹಿಡಿದು ನಿಂತೇಬಿಟ್ಟರು. ನನ್ನ ಹೆಂಡತಿಯೂ ನನ್ನನ್ನೇ ನೋಡಿದಳು.

ಅದು ಬರೀ ನಮ್ಮ ಊರಿನ ಹೆಸರು ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ.

ಮುದುಕ ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ, ಕ್ಷಮಿಸು, ನನಗೇ ಮರೆತುಹೋಗಿತ್ತು ಎಂದು ತಲೆ ತಗ್ಗಿಸಿ ಹೋಳಿಗೆ ಮುರಿದ. ಅವನು ಯಾರ ಅಡ್ಡಹೆಸರನ್ನೂ ಮರೆಯುವವನಲ್ಲ. ಅಷ್ಟು ಹೊತ್ತು ಆ ಮನೆಯೊಡತಿಯನ್ನು ಮನಸ್ಸಿನಲ್ಲೇ ಉಗಿಯುತ್ತಿದ್ದ ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಹೊರಡುವಾಗ ಬಾಗಿಲಾಚೆ ಬಗ್ಗಿ ಚಪ್ಪಲಿ ಮೆಟ್ಟಿಕೊಂಡೆ. ಅಪ್ಪ ತನ್ನ ಕೈಯಾರೆ ಹೊಲಿದು ಕಳಿಸಿದ ಚಪ್ಪಲಿ. ಹೆಂಡತಿ ಕಾರು ಹತ್ತಿದಳು. ಬೆಲ್ಟ್ ಹಾಕಿಕೊಂಡ ಮೇಲೆ ಕೇಳಿದಳು:

"ಯಾ ಊರ್ರೀ ಅದು? ಬಸ್ ಹೋಗ್ತೈತೇನು? ನಾಳೆ ಮಾವಾರಿಗೆ ಫೋನ್ ಹಚ್ಚಿ ಕೇಳ್ತೀನಿ."